ನೆಲಮಂಗಲ ದಾಟಿದೆ ಮಗಾ

ಮಗು ಹುಟ್ಟಿದಾಗ ಪಂಚಾಂಗ ತೆಗೆದು, ನಕ್ಷತ್ರದ ಪಾದ ನೋಡಿ, ಹೆಸರಿಗೆ ಇಂಥ ಅಕ್ಷರ ಬರುತ್ತದೆ ಎಂದು ಹೇಳುವ ಪುರೋಹಿತರಿಗೆ ಒಂದು ವಿಷಯ ಗೊತ್ತಿರುವುದಿಲ್ಲ. ಮುಂದೆ ಇಪ್ಪತ್ತೊಂದು ವರ್ಷವಾದ ಮೇಲೆ ಆ ಮಗು ಎಂಜಿನಿಯರಿಂಗಿನ ಕೊನೆಯ ವರ್ಷದ ಪ್ರಾಜೆಕ್ಟನ್ನು ಯಾರ ಜತೆ ಮಾಡಬೇಕು ಎನ್ನುವುದನ್ನೂ ಅವರು ಅಲ್ಲೇ ಗೊತ್ತುಮಾಡಿ, ದಕ್ಷಿಣೆ ತೆಗೆದುಕೊಂಡು ಎದ್ದುಹೋಗಿರುತ್ತಾರೆ. ನನ್ನದು ಶತಭಿಷ. ಅದರ ನಾಲ್ಕು ಪಾದಗಳಿಗೆ ಗೋ, ಸ, ಸಿ, ಸು ಎಂದು ನಾಲ್ಕು ಅಕ್ಷರ. ನಾನು ಎರಡನೆಯ ಪಾದಕ್ಕೆ ಬಿದ್ದೆ. ಸಂಜಯ ಎಂದು ಹೆಸರಿಟ್ಟರು. ಆರೇಳು ತಾಸು ಮುಂಚೆ ಹುಟ್ಟುವ ಮನಸ್ಸು ಮಾಡಿದ್ದರೆ ಗೋಪಾಲನೋ ಗೋವಿಂದನೋ ಆಗಿ, ಇಂಗ್ಲಿಷಿನ ಜಿ ಅಕ್ಷರದ ಬುದ್ಧಿವಂತರ ಸಾಲಿನಲ್ಲಿ ಸುಖವಾಗಿ ಕೂತಿರುತ್ತಿದ್ದೆ. ನಮ್ಮ ಕ್ಲಾಸಿನಲ್ಲಿ ಚೆನ್ನಾಗಿ ಓದುವವರೆಲ್ಲ ಜಿ ಮತ್ತು ಎಚ್ ನಡುವೆಯೇ ಇದ್ದರು. ಇದು ಕಾಕತಾಳೀಯ ಎಂದು ನೀವು ಹೇಳಬಹುದು. ನನಗೆ ಹಾಗನ್ನಿಸುವುದಿಲ್ಲ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 1998ರಲ್ಲಿ ಬೆಳಗಾವಿಯಲ್ಲಿ ಹುಟ್ಟಿ, ಅಲ್ಲಿಯವರೆಗೆ ಬೇರೆ ಬೇರೆ ವಿಶ್ವವಿದ್ಯಾಲಯಗಳ ಕೆಳಗಿದ್ದ ಎಂಜಿನಿಯರಿಂಗ್ ಕಾಲೇಜುಗಳನ್ನು ಒಂದೇ ಸೂರಿನಡಿ ತಂದಿತಷ್ಟೆ. ಅಲ್ಲಿಂದ ಪ್ರತಿಯೊಬ್ಬ ವಿದ್ಯಾರ್ಥಿಗೂ ಯುಎಸ್‌ಎನ್ ಎಂಬ ಹತ್ತು ಅಕ್ಷರ-ಅಂಕಿಗಳ ಗುರುತು. ಪ್ರಾಂತ್ಯ, ಕಾಲೇಜು, ಸೇರಿದ ವರ್ಷ, ಬ್ರಾಂಚು, ಕೊನೆಗೆ ಒಂದು ಮೂರಂಕಿ. ಆ ಮೂರಂಕಿಯನ್ನು ನಮ್ಮ ಕಾಲೇಜಿನವರು ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಹಂಚಿದ್ದರು. ಲ್ಯಾಬ್ ಬ್ಯಾಚು ಅದರ ಪ್ರಕಾರ, ಪರೀಕ್ಷೆಯ ಡೆಸ್ಕು ಅದರ ಪ್ರಕಾರ, ಫೇರ್‌ವೆಲ್ ಫೋಟೋದಲ್ಲಿ ನಿಲ್ಲುವುದೂ ಹೆಚ್ಚುಕಡಿಮೆ ಅದರ ಪ್ರಕಾರ. ನಾಲ್ಕು ವರ್ಷ ಹಿಂದೆ ಮುಂದೆ ನೋಡಿದರೆ ಅದೇ ಮುಖಗಳು. ಪ್ರಾಜೆಕ್ಟಿಗಾದರೂ ನಮ್ಮಿಷ್ಟದವರನ್ನು ಸೇರಿಸಿಕೊಳ್ಳಬಹುದು ಎಂದು ನಾವೆಲ್ಲ ನಂಬಿದ್ದೆವು. ಏಳನೇ ಸೆಮಿಸ್ಟರಿನಲ್ಲಿ ಎಚ್‌ಓಡಿ ಸಾಹೇಬರು ಕ್ಲಾಸಿಗೆ ಬಂದು, ‘ನಿಮ್ಮಿಷ್ಟಕ್ಕೆ ಬಿಟ್ರೆ ಓದೋರೆಲ್ಲ ಒಂದು ಕಡೆ, ಓದದೋರೆಲ್ಲ ಒಂದು ಕಡೆ ಆಗ್ತೀರಿ. ಯುಎಸ್‌ಎನ್ ಪ್ರಕಾರ ನಾಲ್ಕು ನಾಲ್ಕು ಜನ’ ಎಂದು ಹೇಳಿ ನೋಟಿಸನ್ನು ಬೋರ್ಡಿನ ಮೂಲೆಗೆ ಅಂಟಿಸಿ ಹೋದರು.

ನಾಲ್ಕು ಜನರ ನಮ್ಮ ಬ್ಯಾಚಿನಲ್ಲಿ ಎಲ್ಲರ ಹೆಸರೂ ‘ಸಂ’ ಎಂದೇ ಶುರು. ಅಟೆಂಡೆನ್ಸ್ ತೆಗೆಯುವಾಗ ಮೇಷ್ಟರು ‘ಸಂ’ ಎಂದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಇದ್ದವನು ಯಾರೇ ಆಗಲಿ ನಾಲ್ಕು ಸಲ ಎಸ್ ಸರ್ ಅನ್ನುತ್ತಿದ್ದ. ಆದ್ದರಿಂದ ಹಾಸ್ಟೆಲ್ಲಿನಲ್ಲಿ ಹೆಸರು ಹಿಡಿದು ಕರೆದರೆ ಪ್ರಯೋಜನವಿರಲಿಲ್ಲ. ಊರು ಹಿಡಿದು ಕರೆಯುತ್ತಿದ್ದರು. ಸಿಇಟಿಯ ಪುಣ್ಯದಿಂದ ಊರುಗಳಿಗೇನೂ ಬರ ಇರಲಿಲ್ಲ. ಒಬ್ಬ ಜಮಖಂಡಿ. ಒಬ್ಬ ಮಂಗಳೂರು. ಇನ್ನೊಬ್ಬ ಬೆಂಗಳೂರು. ಅರಸೀಕೆರೆ ಕಡೆಯವನಾದ ನನ್ನನ್ನು ಮಾತ್ರ ಯಾಕೋ ಸಂಜಯ ಎಂದೇ ಕರೆಯುತ್ತಿದ್ದರು. ಮಹಾಭಾರತದಲ್ಲಿ ಯುದ್ಧ ಮಾಡದೆ ಅದರ ವರದಿಯನ್ನಷ್ಟೇ ಒಪ್ಪಿಸಿದವನು ಸಂಜಯ. ನಮ್ಮ ಬ್ಯಾಚಿನಲ್ಲಿ ಯುದ್ಧವನ್ನೂ ಅವನೇ ಮಾಡಿ, ರಿಪೋರ್ಟನ್ನೂ ಅವನೇ ಬರೆದು, ಮೂರು ಕಾಪಿ ಬೈಂಡಿಂಗೂ ಮಾಡಿಸಿಕೊಂಡು ಬರಬೇಕಾಯಿತು.

ಪ್ರಾಜೆಕ್ಟು ಇಷ್ಟೇ: ಮೊಬೈಲಿನಿಂದ ಹೊಲದ ಪಂಪ್‌ಸೆಟ್ ಶುರು ಮಾಡುವುದು. ಆಗ 2007ರ ಸುಮಾರು. ಹಳ್ಳಿಗೆ ಥ್ರೀ ಫೇಸ್ ಕರೆಂಟು ಬರುವುದು ರಾತ್ರಿ ಹನ್ನೆರಡಕ್ಕೋ ಎರಡಕ್ಕೋ. ರೈತ ಟಾರ್ಚು ಹಿಡಿದು ಹಾವು ಚೇಳು ತುಳಿಯುತ್ತ ಬಾವಿಗೆ ಹೋಗಿ ಸ್ಟಾರ್ಟರ್ ಒತ್ತಬೇಕು. ಅದರ ಬದಲು ಮನೆಯಲ್ಲಿ ಮಲಗಿದ್ದಲ್ಲಿಂದಲೇ ಪಂಪಿಗೆ ಫೋನ್ ಮಾಡಿ ಒಂದು ಕೀಲಿ ಒತ್ತಿದರೆ ಸಾಕು. ಫೋನಿನ ಪ್ರತಿ ಕೀಲಿಗೂ ಎರಡೆರಡು ಸ್ವರ ಒಟ್ಟಿಗೆ ಹೊರಡುತ್ತವೆ, ಡಿಟಿಎಂಎಫ್ ಎನ್ನುತ್ತಾರೆ. ಐದನ್ನು ಒತ್ತಿದರೆ 770 ಹರ್ಟ್ಸ್ ಒಂದು, 1336 ಹರ್ಟ್ಸ್ ಒಂದು. ಹೊಲದಲ್ಲಿರುವ ಫೋನು ತಾನಾಗಿ ಕರೆ ಎತ್ತಿಕೊಂಡು ಆ ಸ್ವರಗಳನ್ನು ಇಯರ್‌ಫೋನಿನ ತೂತಿನಿಂದ ಎಂಟಿ8870 ಎಂಬ ಐಸಿಗೆ ದಾಟಿಸುತ್ತದೆ; ಅದು ಒತ್ತಿದ್ದು ಐದು ಎಂದು ಗುರುತು ಹಿಡಿದು 8051 ಮೈಕ್ರೋಕಂಟ್ರೋಲರಿಗೆ ಹೇಳುತ್ತದೆ; ಅದು ರಿಲೇಗೆ ಹೇಳುತ್ತದೆ; ರಿಲೇ ಟಕ್ ಎನ್ನುತ್ತದೆ. ಒಬ್ಬರಿಂದ ಒಬ್ಬರಿಗೆ ಮಾತು ದಾಟಿ ಕೊನೆಗೆ ಕೆಲಸ ಆಗುವ ಈ ಏರ್ಪಾಡು ಕಾಗದದ ಮೇಲೆ ಎಷ್ಟು ಚೆಂದ ಕಾಣುತ್ತಿತ್ತೆಂದರೆ, ನಾಲ್ಕು ಜನರ ಬ್ಯಾಚೂ ಹೀಗೇ ನಡೆಯುತ್ತದೆ ಎಂದು ನನಗೆ ಆಸೆ ಹುಟ್ಟಿತು.

ಮೊದಲ ಮೀಟಿಂಗು ಕಾಲೇಜಿನ ಕ್ಯಾಂಟೀನಿನಲ್ಲಿ. ಯಾರು ಏನು ಮಾಡುವುದು ಎಂದು ಕೇಳಿದೆ. ಜಮಖಂಡಿ ಮಿರ್ಚಿಯ ಎಣ್ಣೆಯನ್ನು ನನ್ನ ಸಿನಾಪ್ಸಿಸ್ ಹಾಳೆಗೇ ಒರೆಸುತ್ತ ಹೇಳಿದ:

‘ಲೇ ಸಂಜ್ಯಾ, ನಾ ಸುಳ್ಳ ಹೇಳಂಗಿಲ್ಲ ನೋಡು. ನನಗ ಈ ಐಸಿ ಗೀಸಿ ತಿಳಿಯಂಗಿಲ್ಲ, ತಿಳ್ಕೊಳ್ಳೂ ಮನಸೂ ಇಲ್ಲ. ರೊಕ್ಕ ಎಷ್ಟ ಬೇಕ ಹೇಳು, ಕೊಡ್ತೀನಿ. ಕೆಲಸ ಮಾತ್ರ ಕೇಳಬ್ಯಾಡ.’

ಅವನ ಅಪ್ಪನಿಗೆ ಕೃಷ್ಣಾ ನದಿಯ ದಂಡೆಯಲ್ಲಿ ಕಬ್ಬು ಇತ್ತು. ಮಗ ಎಂಜಿನಿಯರಿಂಗಿಗೆ ಬಂದದ್ದು ಎಂಜಿನಿಯರಾಗಲು ಅಲ್ಲ. ಎಂಜಿನಿಯರ್ ಹುಡುಗ ಎಂದು ಮದುವೆಯ ಮಾತಿನಲ್ಲಿ ಹೇಳಿಕೊಳ್ಳಲು. ಇದನ್ನೂ ಅವನೇ ಹೇಳಿದ್ದ. ನನಗೆ ಆಗ ಎಷ್ಟು ಸಿಟ್ಟು ಬಂತೆಂದರೆ, ಇಷ್ಟು ನಾಚಿಕೆಗೆಟ್ಟವನನ್ನು ಜೀವಮಾನದಲ್ಲಿ ನೋಡಿಲ್ಲ ಅಂದುಕೊಂಡೆ.

ಮಂಗಳೂರಿನವನ ದಾರಿ ಬೇರೆ. ಅವನಿಗೆ ಏಳನೇ ಸೆಮಿಸ್ಟರಿನಲ್ಲೇ ದೊಡ್ಡ ಐಟಿ ಕಂಪನಿಯೊಂದರಲ್ಲಿ ಪ್ಲೇಸ್‌ಮೆಂಟ್ ಆಗಿತ್ತು. ಕ್ಯಾಂಪಸ್ಸಿನಲ್ಲಿ ಕೆಲಸ ಸಿಕ್ಕ ಹುಡುಗನಿಗೆ ಬರುವ ಒಂದು ಥರದ ಸನ್ಯಾಸ ಅವನಿಗೂ ಬಂದಿತ್ತು. ‘ಎಂತ ಮಾರಾಯ, ಇಷ್ಟು ಟೆನ್ಶನ್ ಮಾಡುದು? ಮೊದ್ಲು ಒಂದು ಪ್ಲಾನ್ ಹಾಕುವ. ಪ್ಲಾನ್ ಆದ ಮೇಲೆ ಕೆಲಸ ಎಂತ ಉಂಟು?’ ಎಂದ. ಪ್ಲಾನು ಹಾಕಿದ. ಎಕ್ಸೆಲ್ಲಿನಲ್ಲಿ ಬಣ್ಣಬಣ್ಣದ ಪಟ್ಟಿಗಳು. ಯಾವ ವಾರ ಯಾವ ಕೆಲಸ, ಯಾರು, ಎಷ್ಟು ಶೇಕಡಾ. ಅಂಥ ಪ್ಲಾನನ್ನು ನಾನು ಮುಂದೆ ನೌಕರಿಗೆ ಸೇರಿದ ಮೇಲೂ ಬಹಳ ಕಡೆ ನೋಡಲಿಲ್ಲ. ಪ್ರತಿ ವಾರ ಅದನ್ನು ತೆಗೆದು, ನಾವು ಎಷ್ಟು ಹಿಂದೆ ಬಿದ್ದಿದ್ದೇವೆ ಎಂದು ಬಹಳ ನಿಖರವಾಗಿ ಹೇಳುತ್ತಿದ್ದ. ಆಮೇಲೆ ಪ್ಲಾನನ್ನು ಒಂದು ವಾರ ಮುಂದಕ್ಕೆ ಎಳೆದು ಮಲಗುತ್ತಿದ್ದ.

ಬೆಂಗಳೂರಿನವನು ಒಳ್ಳೆಯ ಹುಡುಗ. ಯಾವ ಕೆಲಸ ಹೇಳಿದರೂ ಇಲ್ಲ ಎಂದವನಲ್ಲ. ‘ಸಕ್ಕತ್ ಐಡಿಯಾ ಮಗಾ, ನಾನ್ ಮಾಡ್ತೀನಿ ಬಿಡು’ ಎನ್ನುತ್ತಿದ್ದ. ಶುಕ್ರವಾರ ಮಧ್ಯಾಹ್ನ ಬಟ್ಟೆ ಒಗೆಸಿಕೊಂಡು ಬರಲು ಮನೆಗೆ ಹೊರಡುತ್ತಿದ್ದ. ಸೋಮವಾರ ಬೆಳಿಗ್ಗೆ ಫೋನ್ ಮಾಡಿದರೆ, ‘ಬಂದ್ಬಿಟ್ಟೆ ಮಗಾ, ನೆಲಮಂಗಲ ದಾಟಿದೆ.’ ಮಧ್ಯಾಹ್ನ ಮಾಡಿದರೂ ನೆಲಮಂಗಲ ದಾಟಿದ್ದ. ಮಂಗಳವಾರ ಸಂಜೆ ಮಾಡಿದರೂ ದಾಟಿದ್ದ. ಹಿಂದುಗಡೆ ಅವರಮ್ಮ ಕುಕ್ಕರ್ ಇಳಿಸುವ ಸದ್ದು ಕೇಳುತ್ತಿದ್ದರೂ, ಅಡುಗೆಮನೆಯೊಳಗಿಂದಲೇ ನೆಲಮಂಗಲ ದಾಟುವ ಶಕ್ತಿ ಅವನಿಗಿತ್ತು. ಬೆಂಗಳೂರಿನಿಂದ ಪಶ್ಚಿಮಕ್ಕೆ ಹೊರಟವರೆಲ್ಲ ನೆಲಮಂಗಲ ಎಂಬ ಊರನ್ನು ಒಂದೇ ಸಲ ದಾಟುತ್ತಾರೆ. ಅವನೊಬ್ಬ ಅದರ ಪ್ರದಕ್ಷಿಣೆ ಹಾಕುತ್ತಿದ್ದ ಎಂದು ಕಾಣುತ್ತದೆ.

ಹೀಗಾಗಿ ಎಸ್‌.ಪಿ. ರೋಡಿಗೆ ಹೋಗಬೇಕಾದವನು ನಾನೇ. ಎಸ್‌.ಪಿ. ಎಂದರೆ ಸಾದರ ಪತ್ರಪ್ಪ. ಬೆಂಗಳೂರಿನ ಟೌನ್‌ಹಾಲಿನಿಂದ ನಡೆದೇ ಹೋಗಬಹುದಾದ ರಸ್ತೆ. ರಾಜ್ಯದ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳ ಪಾಲಿಗೆ ಧರ್ಮಸ್ಥಳದಷ್ಟೇ ಅನಿವಾರ್ಯ. ಇಬ್ಬರು ಎದುರುಬದುರಾದರೆ ಒಬ್ಬರು ಪಕ್ಕಕ್ಕೆ ತಿರುಗಬೇಕಾದಂಥ ಓಣಿಗಳ ಒಳಗೆ ಬೀರುವಿನಷ್ಟಗಲದ ಅಂಗಡಿಗಳು. ಫೆಬ್ರವರಿ ಬಂತೆಂದರೆ ಬ್ಯಾಗು ಹಾಕಿಕೊಂಡ ಹುಡುಗರ ಸಂತೆ. ಕೌಂಟರಿನವನು ನನ್ನ ಮುಖ ನೋಡಿಯೇ ‘ಪ್ರಾಜೆಕ್ಟಾ?’ ಎಂದ. ಚೀಟಿ ಕೊಟ್ಟೆ. ಅರ್ಧ ಓದಿ, ‘ಡಿಟಿಎಂಎಫಾ? ಕ್ರಿಸ್ಟಲ್ ಬರ್ದಿಲ್ವಲ್ಲ. ಮೂರು ಪಾಯಿಂಟ್ ಐದು ಎಂಟು ಹಾಕ್ಲಾ?’ ಎಂದು ಕೇಳಿದ. ಹೌದು, ಎಂಟಿ8870ಗೆ 3.58 ಮೆಗಾಹರ್ಟ್ಸಿನ ಕ್ರಿಸ್ಟಲ್ ಬೇಕು. ಅದಿಲ್ಲದಿದ್ದರೆ ಐಸಿ ಬಾಯಿ ಬಿಡುವುದಿಲ್ಲ. ಪುಟ್ಟ ಪುಟ್ಟ ಪ್ಲಾಸ್ಟಿಕ್ ಕವರಿಗೆ ಒಂದೊಂದನ್ನೂ ಹಾಕಿ, ಮೇಲೆ ಬಿಲ್ಲಿಟ್ಟು, ‘ಎಷ್ಟು ಜನ ಬ್ಯಾಚಲ್ಲಿ?’ ಎಂದ. ನಾಲ್ಕು ಎಂದೆ. ‘ಮಿಕ್ಕ ಮೂರು ಜನ?’ ಎಂದು ಕೇಳಲಿಲ್ಲ. ಅವನ ಅಂಗಡಿಯ ಮುಂದೆ ನಿಂತಿದ್ದವರೆಲ್ಲ ಒಬ್ಬೊಬ್ಬರೇ ಇದ್ದರು. ಆ ಒಂದೊಂದು ಬೆನ್ನಿನ ಬ್ಯಾಗಿನ ಹಿಂದೆ ಇನ್ನೂ ಮೂರು ಮೂರು ಜನ ರಾಜ್ಯದ ಯಾವಯಾವುದೋ ಹಾಸ್ಟೆಲ್ಲುಗಳಲ್ಲಿ ಮಲಗಿದ್ದರು.

ಅದೇ ರಸ್ತೆಯ ಆಸುಪಾಸಿನಲ್ಲೂ, ವಿಜಯನಗರ ರಾಜಾಜಿನಗರಗಳಲ್ಲೂ ‘ಪ್ರಾಜೆಕ್ಟ್ ಸೆಂಟರ್’ ಎಂಬ ಬೋರ್ಡುಗಳೂ ಇದ್ದವು. ದುಡ್ಡು ಕೊಟ್ಟರೆ ಹಾರ್ಡ್‌ವೇರು, ಕೋಡು, ರಿಪೋರ್ಟು, ವೈವಾದಲ್ಲಿ ಕೇಳಬಹುದಾದ ಪ್ರಶ್ನೆ ಎಲ್ಲ ಸಿಗುತ್ತಿತ್ತು. ಜಮಖಂಡಿ ಮೊದಲ ದಿನವೇ ಆ ದಾರಿ ಸೂಚಿಸಿದ್ದ. ನಾನು ಒಪ್ಪಲಿಲ್ಲ. ಆದರ್ಶಕ್ಕಾಗಿ ಅಲ್ಲ. ಕೊಂಡು ತಂದಿದ್ದರೆ ಅವರ ಮೇಲೆ ಬೇಸರಪಟ್ಟುಕೊಳ್ಳುವ ಹಕ್ಕು ನನಗೆ ಎಲ್ಲಿರುತ್ತಿತ್ತು?

ಒಂದು ದಿನ ತಾಳಲಾರದೆ ಗೈಡ್ ಮೇಡಂ ಹತ್ತಿರ ದೂರು ಹೇಳಲು ಹೋದೆ. ಆಗಷ್ಟೇ ಕೆಲಸಕ್ಕೆ ಸೇರಿದ ಲೆಕ್ಚರರ್ ಅವರು. ಅವರ ಟೇಬಲ್ಲಿನ ಮೇಲೆ ಇನ್‌ಸ್ಪೆಕ್ಷನ್ ಕಮಿಟಿಗೆ ಸಿದ್ಧಪಡಿಸಬೇಕಾದ ಫೈಲುಗಳು ಗೋಪುರವಾಗಿದ್ದವು. ಅದರ ಹಿಂದಿನಿಂದ ದನಿ ಮಾತ್ರ ಬಂತು.

‘ಏನಪ್ಪಾ?’

‘ಮೇಡಂ, ಮೂರು ಜನ ಏನೂ ಮಾಡ್ತಿಲ್ಲ.’

‘ಮೂರೇ ಜನಾನಾ?’ ಎಂದರು. ‘ಈ ಫೈಲೆಲ್ಲ ಡಿಪಾರ್ಟ್‌ಮೆಂಟಿನ ಹನ್ನೊಂದು ಜನ ಸೇರಿ ಮಾಡ್ಬೇಕು. ನೋಡು, ಎಷ್ಟು ಜನ ಕಾಣ್ತಿದಾರೆ ನಿನಗೆ?’

ಸ್ಟಾಫ್ ರೂಮಿನಲ್ಲಿ ಫ್ಯಾನು ತಿರುಗುತ್ತಿತ್ತು. ನಾನು ಸುಮ್ಮನೆ ಕೂತು ಅರ್ಧ ಗಂಟೆ ಅವರ ಫೈಲುಗಳಿಗೆ ಪುಟಸಂಖ್ಯೆ ಹಾಕಿಕೊಟ್ಟು ಬಂದೆ.

ನಮ್ಮೂರ ಕಡೆ ತೇರು ಎಳೆಯುವುದನ್ನು ನೋಡಿದವರಿಗೆ ಈ ಲೋಕವ್ಯವಹಾರ ಹೊಸದಲ್ಲ. ಹಗ್ಗಕ್ಕೆ ನೂರಾರು ಕೈ. ಮುಟ್ಟಿದರೆ ಪುಣ್ಯ ಎಂದು ಮುಟ್ಟಿದವರು ಅರ್ಧ, ಫೋಟೋಕ್ಕೆ ಮುಟ್ಟಿದವರು ಕಾಲು. ಉಳಿದ ಕಾಲು ಭಾಗದವರ ಅಂಗಿ ಮಾತ್ರ ಬೆವರಿಗೆ ಒದ್ದೆ. ಇದನ್ನು ಅಳೆದು ನೋಡಿದ ಪುಣ್ಯಾತ್ಮನೂ ಒಬ್ಬನಿದ್ದ ಎಂದು ನನಗೆ ಬಹಳ ವರ್ಷಗಳ ಮೇಲೆ, ಆಫೀಸಿನ ಒಂದು ತರಬೇತಿಯ ದಿನ ತಿಳಿಯಿತು. ಮ್ಯಾಕ್ಸ್ ರಿಂಗೆಲ್‌ಮನ್ ಎಂಬ ಫ್ರೆಂಚ್ ಕೃಷಿ ಎಂಜಿನಿಯರ್. ಜನರ ಕೈಗೆ ಹಗ್ಗ ಕೊಟ್ಟು ಎಳೆಸಿ, ಎಷ್ಟು ಬಲ ಬಿತ್ತು ಎಂದು ಅಳೆದು, ಕೊನೆಗೆ 1913ರಲ್ಲಿ ಅದನ್ನು ಪ್ರಕಟಿಸಿದ. ಒಬ್ಬನೇ ಎಳೆದಾಗಿನ ಬಲ ನೂರು ಎಂದಿಟ್ಟುಕೊಂಡರೆ, ಇಬ್ಬರಿದ್ದಾಗ ತಲಾ 93, ನಾಲ್ವರಿದ್ದಾಗ 77, ಎಂಟು ಜನವಾದರೆ 49. ಹತ್ತು ಮಂದಿಗೆ ಹುಲ್ಲುಕಡ್ಡಿ, ಒಬ್ಬನಿಗೆ ತಲೆಹೊರೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಆ ಹತ್ತು ಮಂದಿ ಹುಲ್ಲುಕಡ್ಡಿಯನ್ನಾದರೂ ಹೊರುತ್ತಾರೆ ಎಂಬ ಅಜ್ಜಿಯ ನಂಬಿಕೆಯನ್ನು ಈತ ಅಲ್ಲಾಡಿಸಿಬಿಟ್ಟ.

ತರಬೇತಿ ಕೊಡುತ್ತಿದ್ದ ಹೆಣ್ಣುಮಗಳು ಪರದೆಯ ಮೇಲೆ ಇನ್ನೊಂದು ತೋರಿಸಿದಳು. 1979ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಲತಾನೆ ಮತ್ತು ಸಂಗಡಿಗರು ಕಾಲೇಜು ಹುಡುಗರನ್ನು ಕೂರಿಸಿ, ಆದಷ್ಟು ಜೋರಾಗಿ ಚಪ್ಪಾಳೆ ತಟ್ಟಿ, ಕೂಗಿ ಎಂದರಂತೆ. ಗುಂಪಿನಲ್ಲಿ ಕೂಗುವಾಗ ಪ್ರತಿಯೊಬ್ಬನೂ ದನಿ ಕದ್ದಿದ್ದ. ನಾಲ್ವರ ಗುಂಪು ಹೊರಡಿಸಿದ ಸದ್ದು, ಒಬ್ಬೊಬ್ಬರೇ ಕೂಗಿದ ಲೆಕ್ಕದಲ್ಲಿ ಬರಬೇಕಾದುದರ ನೂರಕ್ಕೆ 51. ನಾನು ಕೂತಲ್ಲೇ ಲೆಕ್ಕ ಹಾಕಿದೆ. ಹಗ್ಗ ಎಳೆದ ಫ್ರೆಂಚರು 77, ಕೂಗಿದ ಅಮೆರಿಕದವರು 51, ಪಂಪ್‌ಸೆಟ್ ಮಾಡಿದ ನಾವು 25. ಹಗ್ಗದ ಮತ್ತು ಕೂಗಿನ ಈ ಎರಡು ಪ್ರಯೋಗಗಳ ನಡುವೆ, 1974ರಲ್ಲಿ, ಇನ್ನೂ ಒಂದು ಕಿತಾಪತಿ ನಡೆದಿತ್ತು. ಎಳೆಯುವವನ ಕಣ್ಣಿಗೆ ಬಟ್ಟೆ ಕಟ್ಟಿ, ನಿನ್ನ ಹಿಂದೆ ಇನ್ನೂ ಜನ ಹಗ್ಗ ಹಿಡಿದಿದ್ದಾರೆ ಎಂದು ನಂಬಿಸಿದರು. ಅಲ್ಲಿದ್ದವರು ಎಳೆಯುವ ನಟನೆ ಮಾಡುತ್ತಿದ್ದರಷ್ಟೆ. ಅಷ್ಟಕ್ಕೇ ಅವನು ಕೈ ಸಡಿಲಿಸಿದ. ಯಾರೋ ಇದ್ದಾರೆ ಎಂಬ ಭರವಸೆ ಒಂದಿದ್ದರೆ ಸಾಕು. ನಮ್ಮ ಮೂವರಿಗೆ ಕಣ್ಣಿಗೆ ಬಟ್ಟೆ ಕಟ್ಟುವ ಅಗತ್ಯವೂ ಬೀಳಲಿಲ್ಲ, ನಾನು ಕಣ್ಣೆದುರಿಗೇ ಇದ್ದೆ.

ಆದರೂ ಆ ತರಬೇತಿಯ ಹೆಣ್ಣುಮಗಳು ಬಳಸಿದ ‘ಸಾಮಾಜಿಕ ಆಲಸ್ಯ’ ಎಂಬಂಥ ಮಾತಿಗೆ ಆ ಮೂವರನ್ನು ಒಪ್ಪಿಸಲು ನನಗೆ ಮನಸ್ಸಾಗಲಿಲ್ಲ. ಆಲಸಿಗಳು ಎಂದರೆ ಪೂರ್ತಿ ಸರಿಹೋಗುವುದಿಲ್ಲ. ಬೆಂಗಳೂರಿನವನನ್ನೇ ತೆಗೆದುಕೊಳ್ಳಿ. ಇಡೀ ಪ್ರಾಜೆಕ್ಟಿಗೆ ಅವನ ಕಾಣಿಕೆ ಎಂದರೆ ಒಂದು ನೋಕಿಯಾ 1100. ಹೊಲದ ಕಡೆಯ ಫೋನು ಅದೇ. ಹೆಡ್‌ಸೆಟ್ ಚುಚ್ಚಿದರೆ ತಾನೇ ಕರೆ ಎತ್ತಿಕೊಳ್ಳುವ ಸೌಕರ್ಯ ಅದರಲ್ಲಿತ್ತು. ಅವನ ಸಿಮ್ಮೂ ಅದರಲ್ಲೇ. ಒಂದು ರಾತ್ರಿ ಲ್ಯಾಬಿನಲ್ಲಿ ಸರ್ಕ್ಯೂಟಿಗೆ ಜೋಡಿಸಿಟ್ಟು ನಾವು ಊಟಕ್ಕೆ ಹೋದೆವು. ಆ ಹೊತ್ತಿಗೆ ಅವರಮ್ಮ ಫೋನ್ ಮಾಡಿದ್ದಾರೆ. ಫೋನು ಕರ್ತವ್ಯನಿಷ್ಠೆಯಿಂದ ಎತ್ತಿಕೊಂಡಿದೆ. ಅವರು ಊಟ ಆಯ್ತೇನೋ ಎಂದು ಕೇಳಿದ್ದಾರೆ, ಕೆಮ್ಮು ಹೆಂಗಿದೆ ಎಂದು ಕೇಳಿದ್ದಾರೆ, ನಿನ್ನಪ್ಪನ ಜತೆ ಒಂದು ಮಾತು ಆಡೋಕೂ ಆಗಲ್ವಾ ಎಂದು ಬೈದಿದ್ದಾರೆ. ಇತ್ತ ಆ ದನಿಯಲ್ಲಿ 770 ಮತ್ತು 1336 ಒಟ್ಟಿಗೆ ಸಿಗುವುದೋ ಎಂದು ಎಂಟಿ8870 ತಾಳ್ಮೆಯಿಂದ ಹುಡುಕುತ್ತಿತ್ತು. ಹತ್ತು ನಿಮಿಷ ಅವರು ಪಂಪ್‌ಸೆಟ್ಟಿನ ಜತೆ ಮಾತಾಡಿ ಫೋನಿಟ್ಟರು. ಮರುದಿನ ಬೆಳಿಗ್ಗೆ ತಂದೆ ತಾಯಿ ಇಬ್ಬರೂ ಪುಳಿಯೋಗರೆ ಡಬ್ಬಿ ಹಿಡಿದು ಹಾಸ್ಟೆಲ್ಲಿನ ಗೇಟಿನಲ್ಲಿ ನಿಂತಿದ್ದರು. ಅವನನ್ನು ತಬ್ಬಿಕೊಂಡು ಅತ್ತರು. ಆ ದಿನ ನಾವೆಲ್ಲ ಚೆನ್ನಾಗಿ ತಿಂದೆವು. ಕೆಲಸ ನಡೆಯಲಿಲ್ಲ.

ರಿಪೋರ್ಟಿನ ವಿಷಯ ಹೇಳದೆ ಮುಂದೆ ಹೋಗಬಾರದು. ಕಪ್ಪು ರಟ್ಟು, ಚಿನ್ನದ ಬಣ್ಣದ ಅಕ್ಷರ. ಒಳಗೆ ಮೊದಲು ಸರ್ಟಿಫಿಕೇಟ್ ಪುಟ: ಈ ನಾಲ್ವರು ಈ ಕೆಲಸವನ್ನು ನಿಷ್ಠೆಯಿಂದ ಪೂರೈಸಿದ್ದಾರೆ ಎಂದು ದೊಡ್ಡವರ ಸಹಿ. ಆಮೇಲೆ ಕೃತಜ್ಞತೆಯ ಪುಟ. ಯಾವ ಕಾಲೇಜಿನ ಯಾವ ವರ್ಷದ ರಿಪೋರ್ಟನ್ನು ಬೇಕಾದರೂ ತೆಗೆದು ನೋಡಿ, ಕಾರ್ಯ ಪೂರೈಸಿದ ಸಂತೃಪ್ತಿಯ ಬಗ್ಗೆ ಅದೇ ಒಂದು ಇಂಗ್ಲಿಷ್ ವಾಕ್ಯ. ಅದನ್ನು ಮೊದಲು ಬರೆದ ಮಹಾನುಭಾವ ಯಾರೋ, ಎಲ್ಲಿದ್ದಾನೋ. ಮ್ಯಾನೇಜ್‌ಮೆಂಟಿಗೆ, ಪ್ರಿನ್ಸಿಪಾಲರಿಗೆ, ಎಚ್‌ಓಡಿಗೆ, ಗೈಡಿಗೆ, ಬೋಧಕೇತರ ಸಿಬ್ಬಂದಿಗೆ, ತಂದೆತಾಯಿಗೆ, ದೇವರಿಗೆ, ಕೊನೆಗೆ ‘ನೇರವಾಗಿ ಹಾಗೂ ಪರೋಕ್ಷವಾಗಿ ನೆರವಾದ’ ಗೆಳೆಯರಿಗೆ ವಂದನೆ. ಬೆಳಗಿನ ಜಾವ ಅದನ್ನು ಟೈಪು ಮಾಡುತ್ತ ಕೂತಿದ್ದಾಗ ಹಿಂದಿನ ಮಂಚದಲ್ಲಿ ಮೂವರೂ ಪರೋಕ್ಷವಾಗಿ ನೆರವಾಗುತ್ತ ಗೊರಕೆ ಹೊಡೆಯುತ್ತಿದ್ದರು. ಮಂಗಳೂರಿನವನು ಒಮ್ಮೆ ಎದ್ದು ಬಂದು, ‘ಈ ಫಾಂಟ್ ಬೇಡ ಮಾರಾಯ, ಟೈಮ್ಸ್ ನ್ಯೂ ರೋಮನ್ ಹಾಕು, ಹನ್ನೆರಡು’ ಎಂದು ಹೇಳಿ ಮತ್ತೆ ಮಲಗಿದ. ಹಾಕಿ ನೋಡಿದರೆ, ಹಾಳಾದವನು, ಸರಿಯಾಗಿಯೇ ಹೇಳಿದ್ದ.

ವೈವಾ ದಿನ ಬೇರೆ ಕಾಲೇಜಿನಿಂದ ಎಕ್ಸ್‌ಟರ್ನಲ್ ಬಂದರು. ಬಿಳಿ ಮೀಸೆ, ಖಾದಿ ಅಂಗಿ, ಮುಖದಲ್ಲಿ ನಗು ಇಲ್ಲ. ಮಂಗಳೂರಿನವನ ಪವರ್‌ಪಾಯಿಂಟಿನಲ್ಲಿ ನಮ್ಮ ಹೆಸರಿನ ಅಕ್ಷರಗಳು ಒಂದೊಂದೇ ಹಾರಿಬಂದು ಕೂತವು. ನಾಲ್ಕು ‘ಸಂ’ಗಳು ಬಂದಿಳಿಯುವಷ್ಟರಲ್ಲಿ ಅವರು ಒಂದು ಲೋಟ ಚಹಾ ಮುಗಿಸಿದರು. ಬಕೆಟ್ಟಿನಲ್ಲಿ ನೀರು, ಅದರಲ್ಲಿ ಮೀನಿನ ತೊಟ್ಟಿಗೆ ಹಾಕುವ ಪುಟ್ಟ ಪಂಪು. ಬೆಂಗಳೂರಿನವನ ನಂಬರಿಗೆ ನನ್ನ ಫೋನಿನಿಂದ ಕರೆ ಮಾಡಿ ಐದನ್ನು ಒತ್ತಿದೆ. ರಿಲೇ ಟಕ್ ಎಂದಿತು. ನೀರು ಬಂತು. ಆ ನೀರನ್ನು ನೋಡಿ ನನ್ನ ಕಣ್ಣಿನಲ್ಲೂ ಸ್ವಲ್ಪ ಬಂತು.

ಅವರಿಗೆ ಅದರಿಂದೇನೂ ಆಗಲಿಲ್ಲ. ‘ಅಲ್ರಪ್ಪಾ, ಇದು ಬಕೆಟ್ಟು. ಹೊಲದಲ್ಲಿರೋದು ಥ್ರೀ ಫೇಸ್ ಮೋಟ್ರು. ಮೂರರಲ್ಲಿ ಒಂದು ಫೇಸ್ ಹೋದ್ರೆ ಏನಾಗುತ್ತೆ?’ ಎಂದು ನಮ್ಮ ನಾಲ್ವರನ್ನೂ ಒಬ್ಬೊಬ್ಬರಾಗಿ ನೋಡಿದರು. ನನ್ನ ಸರ್ಕ್ಯೂಟಿನಲ್ಲಿ ಫೇಸುಗಳ ಸುದ್ದಿಯೇ ಇರಲಿಲ್ಲ. ನನ್ನ ಬಾಯಲ್ಲಿ 8051ರ ನಲವತ್ತು ಪಿನ್ನುಗಳ ಹೆಸರು ಸಾಲಾಗಿ ನಿಂತಿದ್ದವು, ಒಂದೂ ಕೆಲಸಕ್ಕೆ ಬರಲಿಲ್ಲ. ಆಗ ಪಕ್ಕದಿಂದ ದನಿ:

‘ಸರ, ಮೋಟರ್ ಗುಂಯ್ ಅಂತ ಒದರ್ತದ, ತಿರಗೂದಿಲ್ಲ. ಹಂಗs ಬಿಟ್ರ ವೈಂಡಿಂಗ್ ಸುಡ್ತದ. ಅದಕ್ಕ ಸ್ಟಾರ್ಟರ್‌ನ್ಯಾಗ ಪ್ರಿವೆಂಟರ್ ಹಾಕಸ್ತಾರ. ಆದ್ರ ನಮ್ಮ ಕಡೆ ಮಂದಿ ಅದನ್ನ ತಗದು, ಕಂಡೆನ್ಸರ್ ಕೂಡ್ಸಿ, ಎರಡs ಫೇಸ್‌ನ್ಯಾಗ ನಡಸ್ತಾರ್ರಿ.’

ಎಕ್ಸ್‌ಟರ್ನಲ್ ಕುರ್ಚಿಯಲ್ಲಿ ಮುಂದಕ್ಕೆ ಬಂದರು. ‘ಯಾವೂರಪ್ಪಾ ನಿಂದು?’ ಎಂದರು. ಅಲ್ಲಿಂದ ಮುಂದೆ ನಡೆದದ್ದು ವೈವಾ ಅಲ್ಲ, ಕಟ್ಟೆಯ ಮೇಲಿನ ಹರಟೆ. ಟ್ರಾನ್ಸ್‌ಫಾರ್ಮರ್ ಸುಟ್ಟರೆ ಬದಲಾಯಿಸಲು ಎಷ್ಟು ದಿನ ಅಲೆಸುತ್ತಾರೆ, ವೋಲ್ಟೇಜು ಬೀಳುವುದು ಯಾವ ಹೊತ್ತಿನಲ್ಲಿ, ಕಬ್ಬಿಗೆ ಎಷ್ಟು ದಿನಕ್ಕೊಮ್ಮೆ ನೀರು. ಅವರದೂ ಎಲ್ಲೋ ಎರಡು ಎಕರೆ ಇತ್ತಂತೆ, ಮೋಟರು ಎರಡು ಸಲ ಸುಟ್ಟಿತ್ತಂತೆ. ಹೊರಡುವಾಗ ಜಮಖಂಡಿಯ ಬೆನ್ನು ತಟ್ಟಿ, ‘ಇವನು ನೋಡಿ, ಪ್ರಾಬ್ಲಮ್ಮನ್ನ ಅರ್ಥ ಮಾಡ್ಕೊಂಡು ಪ್ರಾಜೆಕ್ಟ್ ಮಾಡಿದಾನೆ’ ಎಂದು ಗೈಡ್ ಮೇಡಂಗೆ ಹೇಳಿದರು. ಮೇಡಂ ನನ್ನ ಕಡೆ ನೋಡಲಿಲ್ಲ. ರಿಸಲ್ಟು ಬಂದಾಗ ಅವನಿಗೆ ನನಗಿಂತ ಮೂರು ಅಂಕ ಹೆಚ್ಚು.

ಲತಾನೆಯ ಬಳಗದವರೇ 1981ರಲ್ಲಿ ಇನ್ನೊಂದು ಪ್ರಯೋಗ ಮಾಡಿದ್ದರು: ಗುಂಪಿನೊಳಗೆ ಯಾರ ದನಿ ಎಷ್ಟು ಎಂದು ಬೇರೆ ಬೇರೆಯಾಗಿ ಗೊತ್ತಾಗುತ್ತದೆ ಎಂದು ಹೇಳಿದರೆ ಎಲ್ಲರೂ ಗಂಟಲು ಬಿಚ್ಚಿ ಕೂಗುತ್ತಾರೆ ಎಂದು ಆಗ ತಿಳಿಯಿತು. ಜಮಖಂಡಿಯನ್ನು ಹೆಸರು ಹಿಡಿದು ಯಾರೂ ಅಲ್ಲಿಯವರೆಗೆ ಏನೂ ಕೇಳಿರಲಿಲ್ಲ ಎಂದು ಇದಕ್ಕೆ ಅರ್ಥ ಹಚ್ಚಬಹುದು. ನಾನು ಹಚ್ಚುವುದಿಲ್ಲ. ಆ ಮೂರು ಅಂಕ ಇನ್ನೂ ಉರಿಯುತ್ತದೆ.

ಆಮೇಲೆ ನನಗೂ ಐಟಿ ಕಂಪನಿಯಲ್ಲಿ ಕೆಲಸವಾಯಿತು, ಟೀಮುಗಳಾದವು. ಕಾಲೇಜಿನಲ್ಲಿ ನಾಲ್ಕು ಜನ, ಇಲ್ಲಿ ನಲವತ್ತು. ಕೆಲಸ ತಡವಾದಾಗ ಇನ್ನೂ ಆರು ಜನರನ್ನು ಸೇರಿಸುವ ಮ್ಯಾನೇಜರುಗಳನ್ನು ಕಂಡೆ. ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂದು ಐಬಿಎಮ್ಮಿನಲ್ಲಿ ಪಳಗಿದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಪುಸ್ತಕ ಬರೆದು ಹೇಳಿದ್ದ. ಆ ಪುಸ್ತಕ ನಮ್ಮ ಮ್ಯಾನೇಜರರ ಟೇಬಲ್ಲಿನ ಮೇಲೂ ಇತ್ತು, ಲ್ಯಾಪ್‌ಟಾಪನ್ನು ಎತ್ತರಿಸಲು. ಇಲ್ಲಿ ಕೈ ಸಡಿಲಿಸುವವರು ಯಾರೂ ‘ನಾ ಮಾಡಂಗಿಲ್ಲ’ ಎನ್ನುವುದಿಲ್ಲ. ‘ಈ ವಾರ ಬ್ಯಾಂಡ್‌ವಿಡ್ತ್ ಇಲ್ಲ’ ಎನ್ನುತ್ತಾರೆ. ‘ಆಫ್‌ಲೈನ್ ಮಾತಾಡೋಣ’ ಎನ್ನುತ್ತಾರೆ. ನನ್ನನ್ನು ಲೂಪಿನಲ್ಲಿಡಿ ಎಂದು ಬರೆದು, ಆ ಲೂಪಿನೊಳಗೆ ಕೂತು ಬೇರೆಯವರು ಓಡುವುದನ್ನು ನೋಡುತ್ತಾರೆ. ಒಬ್ಬಾತನ ಕ್ಯಾಲೆಂಡರು ಬೆಳಗಿನಿಂದ ಸಂಜೆವರೆಗೆ ನೇರಳೆ ಬಣ್ಣದಿಂದ ತುಂಬಿರುತ್ತಿತ್ತು. ವರ್ಷದ ಕೊನೆಗೆ ಅವನಿಗೇ ಒಳ್ಳೆಯ ರೇಟಿಂಗು. ಇಂಥವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗುವುದಿಲ್ಲ. ಸಿಟ್ಟಿಗೆ ಹಿಡಿದುಕೊಳ್ಳಲು ಏನಾದರೂ ಒಂದು ಮಾತು ಬೇಕಲ್ಲ, ಅವರು ಆಡಿದ್ದೆಲ್ಲ ಸಭ್ಯವಾಗಿಯೇ ಇರುತ್ತದೆ.

ಇಂಥ ಮೀಟಿಂಗುಗಳಲ್ಲಿ ಕ್ಯಾಮೆರಾ ಆಫ್ ಮಾಡಿ ಕೂತಾಗ ಕ್ಯಾಂಟೀನಿನ ಆ ಮಿರ್ಚಿ ನೆನಪಾಗುತ್ತದೆ. ಎದುರಿಗೆ ಕೂತು, ಕಣ್ಣಲ್ಲಿ ಕಣ್ಣಿಟ್ಟು, ಕೆಲಸ ಮಾತ್ರ ಕೇಳಬ್ಯಾಡ ಎನ್ನುವ ಮನುಷ್ಯ ನನಗೆ ಇತ್ತೀಚೆಗೆ ಒಬ್ಬನೂ ಸಿಕ್ಕಿಲ್ಲ. ಸಿಕ್ಕಿದ್ದರೆ ಅವನ ಪಾಲಿನ ಕೆಲಸವನ್ನು ಖುಷಿಯಿಂದ ಮಾಡಿಕೊಡುತ್ತಿದ್ದೆನೋ ಏನೋ. ಬೈಯುತ್ತ ಮಾಡಿಕೊಡುತ್ತಿದ್ದೆ. ಎರಡೂ ಒಂದೇ.

ಈಗ ನಾಲ್ಕು ‘ಸಂ’ಗಳದ್ದೊಂದು ವಾಟ್ಸ್ಯಾಪ್ ಗುಂಪಿದೆ. ಜಮಖಂಡಿ ಊರಲ್ಲೇ ಇದ್ದಾನೆ. ಮದುವೆಯೂ ಆಯಿತು, ಕಬ್ಬೂ ಇದೆ. ಅಂಗಡಿಯಲ್ಲಿ ಕೊಂಡ ಮೊಬೈಲ್ ಸ್ಟಾರ್ಟರ್ ಹಾಕಿಸಿಕೊಂಡಿದ್ದಾನೆ. ಅದು ಕೆಟ್ಟಾಗ ಕಂಪನಿಗೆ ಫೋನ್ ಮಾಡುವ ಬದಲು ನನಗೆ ಮಾಡುತ್ತಾನೆ: ‘ಲೇ ಸಂಜ್ಯಾ, ನಾವು ಮಾಡಿದ್ದs ಅಲ್ಲೇನಲೇ ಇದು, ಯಾಕ ನಡೀವಲ್ದು?’ ನಾವು ಎಂಬ ಆ ಬಹುವಚನವನ್ನು ನಾನು ತಿದ್ದಲು ಹೋಗಿಲ್ಲ. ಮಂಗಳೂರಿನವನು ಅಮೆರಿಕದಲ್ಲಿದ್ದಾನೆ, ಡಿಸೆಂಬರಿಗೆ ಬರುತ್ತಾನಂತೆ. ನಾಲ್ವರೂ ಸೇರಬೇಕೆಂದು ವರ್ಷದಿಂದ ಮಾತು. ಮಂಗಳೂರಿನವನು ಈಗಾಗಲೇ ಎಕ್ಸೆಲ್ ಕಳಿಸಿದ್ದಾನೆ, ಬಣ್ಣಬಣ್ಣದ್ದು. ಯಾವ ದಿನ ಯಾವ ಊರು, ಎಷ್ಟು ಗಂಟೆಗೆ ತಿಂಡಿ. ಬೆಂಗಳೂರಿನವನು ‘ಸಕ್ಕತ್ ಮಗಾ, ರೂಮ್ ನಾನ್ ಬುಕ್ ಮಾಡ್ತೀನಿ ಬಿಡು’ ಎಂದು ಬರೆದು ಕೆಳಗೆ ಹೆಬ್ಬೆರಳು ಒತ್ತಿದ್ದಾನೆ. ಈ ಸಲ ನಾನು ಕೈ ಹಾಕುವುದಿಲ್ಲ ಎಂದು ಹೆಂಡತಿಯ ಎದುರಿಗೆ ಹೇಳಿಯಾಗಿತ್ತು. ಅವಳು ನಕ್ಕಿದ್ದಳು.

ನವೆಂಬರ್ ಬಂತು. ಯಾವ ರೂಮೂ ಬುಕ್ ಆಗಲಿಲ್ಲ. ಮಂಗಳೂರಿನವನು ಪ್ಲಾನನ್ನು ಒಂದು ವಾರ ಮುಂದಕ್ಕೆ ಎಳೆದ. ಮೊನ್ನೆ ರಾತ್ರಿ ಸಕಲೇಶಪುರದ ಕಡೆಯ ಹೋಂಸ್ಟೇ ಒಂದಕ್ಕೆ ಸುಮ್ಮನೆ ಫೋನ್ ಮಾಡಿ ನಾಲ್ಕು ಜನಕ್ಕೆ ಎಷ್ಟಾಗುತ್ತದೆ ಎಂದು ವಿಚಾರಿಸಿದೆ. ಅರ್ಧ ದುಡ್ಡು ಮುಂಗಡ ಹಾಕಬೇಕು ಎಂದರು. ಗುಂಪಿನಲ್ಲಿ ಬರೆದೆ. ಒಂದು ನಿಮಿಷವೂ ಆಗಿರಲಿಲ್ಲ, ಪೂರ್ತಿ ದುಡ್ಡು ನನ್ನ ಖಾತೆಗೆ ಬಂದು ಬಿತ್ತು. ಹಿಂದೆಯೇ ಜಮಖಂಡಿಯ ಮೆಸೇಜು: ‘ರೊಕ್ಕ ಹಾಕೀನಿ. ಬ್ಯಾರೆ ಏನೂ ಕೇಳಬ್ಯಾಡ.’